ಏಕಾದಶಿಯ ಉಪ್ಪು

ಬೇಲೂರು ಬಸ್ ಸ್ಟ್ಯಾಂಡ್ ಹಿಂದಿನ ಮೆಸ್ಸಿನಲ್ಲಿ
ಏಕಾದಶಿ ಬಂದರೆ ನಾನೇ ಚೆಲುವಾಜಮ್ಮನ ನಾಲಿಗೆ.
ಅಂಗೈಗೆ ಬಿದ್ದ ಸಾರು ಸುರ್ರನೆ ಹೀರಿ
"ಒಂಚೂರು ಬೇಕು" ಅಂದರೆ ಒಂಚೂರೇ ಹಾಕುವಳು.

ಈ ಸಲ ನಾನೂ ಉಪವಾಸ.
ಯಾವ ಹರಕೆ ಅಂತ ಅವಳು ಕೇಳಲಿಲ್ಲ.
ಹಂಡೆ ಸಾರು ಕುದಿಯುತ್ತಿತ್ತು,
ಬಾಯಿ ಕಟ್ಟಿದ ಇಬ್ಬರು ಅದರ ಮುಂದೆ.

"ಕೇಶವನ ನೈವೇದ್ಯಾನ ಯಾರು ರುಚಿ ನೋಡ್ತಾರೆ ಹೇಳು?"
ಹಿಡಿ ಉಪ್ಪು ತೆಗೆದಳು; ಏನನ್ನಿಸಿತೋ,
ನಾಲ್ಕು ಹರಳು ಮತ್ತೆ ಭರಣಿಗೆ ಬಿಟ್ಟಳು.

ಮೊದಲ ಪಂಕ್ತಿಗೆ ಹಾಸನದ ಬಸ್ಸಿನ ಕಂಡಕ್ಟರ್.
ಕಲೆಸಿದ. ಉಂಡ.
ಬಾಗಿಲ ಸಂದಿಯಿಂದ ನಾವಿಬ್ಬರೂ
ಅವನ ಗಂಟಲನ್ನೇ ನೋಡುತ್ತ.

"ಇನ್ನೊಂದು ಸೌಟು" ಅಂದ.
ಸೌಟು ಹಿಡಿದೇ ಕೈ ಮುಗಿದಳು,
ಅವನಿಗೋ, ಕಿಟಕಿಯಾಚೆಯ ಗೋಪುರಕ್ಕೋ.

ಗಡಿಬಿಡಿಯಲ್ಲಿ
ಮಜ್ಜಿಗೆಗೆ ಉಪ್ಪೇ ಬಿದ್ದಿರಲಿಲ್ಲ.