ನೂರ ಹನ್ನೆರಡನೇ ಪುಟ

ಹಾಸನದ ಸಾಲಗಾಮೆ ರಸ್ತೆ, ಗಲ್ಲಿಯೊಳಗಿನ ಅಚ್ಚುಕೂಟ.
ಅನಂತಶಯನ ಮೇಷ್ಟ್ರ ಕಾದಂಬರಿಗೆ ಮೊಳೆ ಜೋಡಿಸುತ್ತಿದ್ದೆ.
ಅದರಲ್ಲಿ ಒಬ್ಬ ಕೋಣೆಯಲ್ಲಿ ಕೂತು
ತನ್ನ ಕೈಯನ್ನೇ ನೋಡಿಕೊಳ್ಳುತ್ತಾನೆ.
ಕಿಟಕಿಯಾಚೆ ಮೆರವಣಿಗೆ.
ಇಳಿಯಲೇ, ಬೇಡವೇ?
ಮೂರು ಅಧ್ಯಾಯವಾಯಿತು, ಚಪ್ಪಲಿ ಇನ್ನೂ ಬಾಗಿಲಲ್ಲೇ.

ಸಾಲಿಗೊಂದು ನಾನು. ಕೆಲವಕ್ಕೆ ಎರಡು.
ಶುಕ್ರವಾರದ ಹೊತ್ತಿಗೆ ಕೇಸಿನಲ್ಲಿ 'ನಾ' ಗೂಡು ಬರಿದು.
ಊದಿದರೆ ಸೀಸದ ಧೂಳು.

ಅವತ್ತೇ ಫಿಲೋಮಿನಾ ಬಂದಳು,
ಕ್ಯೂರಿಂಗ್ ವರ್ಕ್ಸಿನಲ್ಲಿ ಕಾಫಿಬೀಜ ಆರಿಸುವವಳು,
ಸೆರಗಿನಿಂದ ಮಡಿಸಿದ ಹಾಳೆ ತೆಗೆದಳು.
"ಬೆಳಿಗ್ಗೆ ಏಳಕ್ಕೆ ಗೇಟಿನ ಹತ್ರ ಹಂಚ್ಬೇಕು, ದ್ಯಾವಣ್ಣ. ಐನೂರು."
ನಾವು ಮುನ್ನೂರು ಹೆಂಗಸರು. ನಾವು ಕೂಲಿ ಕೇಳಿದ್ದಕ್ಕೆ.
ನಾವು ನಾಳೆಯಿಂದ.
ಎಣಿಸಿದೆ: ಹತ್ತೊಂಬತ್ತು 'ನಾ'.
ನನ್ನ ಹತ್ತಿರ ಒಂದೂ ಇಲ್ಲ.

ಮೇಷ್ಟ್ರ ಮನೆಗೆ ಸೈಕಲ್ ತುಳಿದೆ.
"ಒಂದು ಪುಟ ಬಿಚ್ಚಲೇ ಸಾರ್?"
ಕನ್ನಡಕ ತೆಗೆದು ಒರೆಸಿದರು.
"ಅದು ನಿನ್ನ ಆಯ್ಕೆ. ಮನುಷ್ಯ ಸ್ವತಂತ್ರ.
ನಾನು ಹೇಳಿಬಿಟ್ಟರೆ ಅದು ನಿನ್ನದಾಗುವುದಿಲ್ಲ."
ಸರಿಯೇ ಇರಬಹುದು.
ಅಂದು ನನಗೆ ಕೇಳಿಸಿದ್ದು
ಅಗುಳಿ ಹಾಕಿದ ಸದ್ದು.

ವರ್ಷಕ್ಕೊಮ್ಮೆ ತೆರೆಯುವ ಗುಡಿಯ ಮುಂದೆ
ಈ ಊರು ಸಾಲುಗಟ್ಟಿ ಕಾಯುತ್ತದೆ.
ನನ್ನೆದುರಿನ ಬಾಗಿಲಿಗೆ ತಿಥಿ ಇರಲಿಲ್ಲ.

ರಾತ್ರಿ ಹನ್ನೊಂದಕ್ಕೆ ನೂರ ಹನ್ನೆರಡನೇ ಪುಟದ ದಾರ ಬಿಚ್ಚಿದೆ.
ಧೈರ್ಯವೆನ್ನಲಾರೆ.
ಹೆಂಡತಿಯ ಅಕ್ಕ ಅಲ್ಲೇ ಬೀಜ ಆರಿಸುತ್ತಾಳೆ,
ಮಾಲೀಕರ ಭಯವೂ ಇತ್ತು,
ಹದಿನೇಳು ವರ್ಷ ಬೇರೆಯವರ ಮಾತನ್ನು
ತಲೆಕೆಳಗಾಗಿ ಓದಿದ ಬೇಸರವೂ.
ಎಲ್ಲ ಸೇರಿ ಒಂದು ಚಿಮಟದ ತುದಿ.

ಕೆಳಗೆ ಮುದ್ರಕನ ಹೆಸರು ಬೇಕು.
ಮಾಲೀಕರದ್ದು ಹಾಕುವಂತಿಲ್ಲ, ನನ್ನದೇ ಹಾಕಿದೆ.
ಒತ್ತಕ್ಷರ ಸವೆದು 'ದಾವಣ್ಣ' ಎಂದು ಅಚ್ಚಾಯಿತು.
ಪೊಲೀಸರು ಎರಡು ದಿನ ಆ ದಾವಣ್ಣನನ್ನು ಹುಡುಕಿದರು.
ಮೂರನೇ ದಿನ ನಾನೇ ಠಾಣೆಗೆ ಹೋಗಿ
ಯ-ಒತ್ತು ಬಿಟ್ಟುಹೋಗಿದೆ ಎಂದೆ.

ಕೂಲಿ ಎಂಟಾಣೆ ಏರಿತು. ಫಿಲೋಮಿನಾಳನ್ನು ಕೆಲಸದಿಂದ ತೆಗೆದರು.
ಎರಡೂ ಒಂದೇ ನೋಟೀಸಿನಲ್ಲಿ.

ಪುಟ ಮತ್ತೆ ಕಟ್ಟುವಾಗ ಒಂದು 'ನು' ಸಿಗಲಿಲ್ಲ,
ಕೈಗೆ ಬಂದ 'ವು' ಹಾಕಿದೆ:
ನಾವು ಒಂಟಿ, ಆದ್ದರಿಂದ ಸ್ವತಂತ್ರ.
ಕರಡಿನಲ್ಲಿ ಮೇಷ್ಟ್ರು ಅದರ ಸುತ್ತ
ಕೆಂಪು ಶಾಯಿಯ ಸುತ್ತು ಎಳೆದಿದ್ದರು.
ಅಂಚಿನಲ್ಲಿ ಏನೂ ಬರೆದಿರಲಿಲ್ಲ.

ತಿದ್ದಲೋ, ಬಿಡಲೋ.
ಕೇಳಲಿಕ್ಕೆ ಈ ಸಲ
ಸೈಕಲ್ ಹತ್ತಲಿಲ್ಲ.