ಕೊರೆಯುವ ಮುಳ್ಳು

ರವಿವಾರ ಪೇಟೆಯ ಪಾತ್ರೆ ಅಂಗಡಿಯ ಮೆಟ್ಟಿಲ ಮೇಲೆ
ಮೂವತ್ತೊಂದು ವರ್ಷ ಕೂತು
ಅರ್ಧ ಪುಣೆಯ ಮದುವೆಗಳಿಗೆ ಹೆಸರು ಕೊರೆದ
ದತ್ತೋಬಾ ನಿಜಾಂಪೂರಕರ್
ಈಗ ನಮ್ಮ ಮೇಜಿನ ಮೇಲೆ, ಎಚ್ಚರವಾಗಿ.
ತಲೆಗೆ ಚೌಕಟ್ಟು, ನಾಲ್ಕು ತಿರುಪು.
ನಿನ್ನೆ ರಾತ್ರಿಯಿಂದ ಮಾತ್ರೆ ಇಲ್ಲ;
ಬಲಗೈ ತನ್ನ ಪಾಡಿಗೆ ತಾನು
ಇಲ್ಲದ ಜಪಮಣಿ ಎಣಿಸುತ್ತಿದೆ.

"ತೆರೆ ನೋಡಬೇಡ," ಅಂದರು ಖುರ್ಷಿದ್ ಮೇಡಂ,
"ಕಣ್ಣು ಮುಚ್ಚು. ಕಿವಿಯಿಂದ ಇಳಿ."
ನಾನು ಕಲಿಯಲು ಬಂದು ಐದನೇ ತಿಂಗಳು.
ಕೂದಲಿಗಿಂತ ಸಣ್ಣ ತಂತಿ
ಮಿಲಿಮೀಟರಿನ ಹತ್ತರಲ್ಲೊಂದು, ಮತ್ತೆ ಹತ್ತರಲ್ಲೊಂದು.
ಮೊದಲು ಬರೀ ಮೌನ.
ಆಮೇಲೆ ಎಲ್ಲೋ ಒಂದು ಹನಿ, ಟಿಕ್.
ಆಮೇಲೆ, ಹೇಳದೆ ಕೇಳದೆ,
ಕಾದ ಎಣ್ಣೆಗೆ ಸಾಸಿವೆ ಬಿದ್ದ ಸದ್ದು.

ತಲುಪಿದೆವು ಅನ್ನುವಷ್ಟರಲ್ಲಿ
ಹಸಿರು ಬಟ್ಟೆಯ ಈಚೆ ದತ್ತೋಬಾ:
"ಅರೆ, ಇದು ನನ್ನ ಮಶೀನು!
ಸ್ಟೀಲಿಗೆ ಮುಳ್ಳು ತಾಗಿದರೆ ಹೀಗೇ ಕಿರುಗುಟ್ಟೋದು."

ಅವರ ಮಣಿಕಟ್ಟು ಮಡಿಸಿದೆ, ಬಿಡಿಸಿದೆ.
ಸದ್ದು ನನ್ನ ಕೈ ಜೊತೆಗೇ ಏರಿತು, ಇಳಿಯಿತು;
ಕೈಯೊಂದು ತನ್ನ ತವರಿನ ಕದ ತಟ್ಟಿ
ಒಳಗಿಂದ ಯಾರೋ ಓಗೊಟ್ಟ ಹಾಗೆ.

ವಿದ್ಯುತ್ತಿನ ಗುಂಡಿ ನನ್ನ ಪಾಲಿಗೆ.
ಒಂದು ವೋಲ್ಟು. ಒಂದೂವರೆ.
ಎರಡೂವರೆಗೆ ಅವರ ನಾಲಿಗೆ ದಪ್ಪಗಾಗಿ
ಮಂಗಳವಾರದಲ್ಲೇ ವಾರ ತೊಡರಿತು.
ಮೇಡಂ ಬೈಯಲಿಲ್ಲ. "ಹಿಂದೆ ಬಾ" ಅಂದರು, ಅಷ್ಟೇ.
ನನ್ನ ಬೆರಳು ನಡುಗಿದ್ದು ಅವರಿಗೆ ಕಾಣಲಿಲ್ಲ.
ದತ್ತೋಬಾಗೆ ಕಂಡಿತು.
ಬಿಗಿದ ತಲೆ ಅಲುಗಿಸಲಾಗದೆ, ಕಣ್ಣು ಮಾತ್ರ ಹೊರಳಿಸಿ:
"ಒತ್ತಬೇಡ ಮಗಳೇ. ನಡುಗೋದು ಮುಳ್ಳಿನ ಕೆಲಸ.
ಕೈ ಸುಮ್ಮನೆ ಅದರ ಜೊತೆ ಹೋಗಬೇಕು."

ಎರಡಕ್ಕೆ ಇಳಿಸಿದೆ.
ಒಳಗೆ ಸೆಕೆಂಡಿಗೆ ನೂರ ಮೂವತ್ತು ಸಲ ಮಿಡಿತ.
ಹೊರಗೆ ಜಪ ನಿಂತಿತು,
ಎಷ್ಟನೇ ಮಣಿಗೋ.

ಎಸಿ ಸದ್ದು ಆಗ ಕೇಳಿಸಿತು ನಮಗೆಲ್ಲ.
ಅವರು ಕೈ ಎತ್ತಿ ನೋಡಿಕೊಂಡರು,
ಒತ್ತೆ ಇಟ್ಟ ಬಳೆ ಬಿಡಿಸಿ ತಂದವರು
ಇದು ಅದೇ ಹೌದೋ ಅಲ್ಲವೋ ಎಂದು
ಬೆಳಕಿಗೆ ಹಿಡಿಯುತ್ತಾರಲ್ಲ, ಹಾಗೆ.

ಸುರುಳಿ ಬರೆಯಿರಿ ಅಂತ ಕಾಗದ ಕೊಟ್ಟರೆ
ಸುರುಳಿ ಬಿಟ್ಟು, ಚುಕ್ಕಿ ಪಕ್ಕ ಚುಕ್ಕಿ ಕೂರಿಸಿ
ಪಾತ್ರೆಯ ಅಂಚಿಗೆ ಬರೆಯುವ ಅಕ್ಷರದಲ್ಲೇ
'ಸಪ್ರೇಮ ಭೇಟ್' ಎಂದು ಬರೆದು
ಪೆನ್ನು ಎತ್ತಿ ಹಿಡಿದರು, ಅಲುಗದೆ:
"ಯಾರಿಂದ ಅಂತ ಹಾಕಲಿ?"

ಮೇಡಂ ಗಡಿಯಾರ ನೋಡಿದರು.
ಎಡಗೈ ಇನ್ನೂ ಬಾಕಿ ಇತ್ತು.