ತೊಂಬತ್ತು ಸೆಕೆಂಡು

ಕುಟಾಯಿಸಿಯ ಬಸ್ ನಿಲ್ದಾಣ. ಏಳಕ್ಕೆ ಇನ್ನು ಐದು ನಿಮಿಷ.
ನನೂಲಿ ಟಿಕೆಟ್ ಗೂಡಿನ ಕಿಟಕಿ ತೆರೆದಾಗಿದೆ,
ಲ್ಯಾಪ್‌ಟಾಪ್ ಇನ್ನೂ ಕಣ್ಣು ತೆರೆದಿಲ್ಲ.
ಕಪ್ಪು ಪರದೆಯ ಮೇಲೆ ಕೆಂಪು ಚುಕ್ಕೆಯೊಂದು
ಎಡಕ್ಕೆ ಬಲಕ್ಕೆ, ಬಲಕ್ಕೆ ಎಡಕ್ಕೆ,
ಹೆರಿಗೆ ಕೋಣೆಯ ಹೊರಗೆ ಸುಳಿದಾಡುವ ಗಂಡಸಿನ ಹಾಗೆ.

ಓನಿಗೆ ಹೋಗುವ ಮೊದಲ ವ್ಯಾನಿನ ಗೋಚಾ
ಹಾರ್ನ್ ಒತ್ತುತ್ತಾನೆ, ಬಿಡುತ್ತಾನೆ, ಮತ್ತೆ ಒತ್ತುತ್ತಾನೆ.
ಸಾಲಿನಲ್ಲಿ ನಿಂತವರ ಉಸಿರು ಗಾಜಿನ ಮೇಲೆ ಮಂಜಾಗಿ
ಒಳಗಿನವಳಿಗೆ ಯಾರ ಮುಖವೂ ಕಾಣುವುದಿಲ್ಲ.
ಅವಳು ನನಗೆ ಫೋನ್ ಮಾಡಿದಳು:
'ಮಲ್ಖಾಜ್, ಹೊಸದು ಹಾಕಿದ್ದೇನೆ ಅಂದೆಯಲ್ಲ,
ನಿನ್ನ ಹೊಸದಕ್ಕೆ ಆಗಲೇ ಮುಪ್ಪು ಬಂದಿದೆ.'

ನಾನು ಮಾರುಕಟ್ಟೆಯ ಮೆಟ್ಟಿಲ ಕೆಳಗೆ ಕೂರುವವನು.
ಬೂಟಿನ ಲಾಡಿ ಮಾರುವವನಿಗೂ ನನಗೂ ಒಂದೇ ಬಲ್ಬು.
ಆ ಬೆಳಕಿನಲ್ಲಿ ಯಂತ್ರವನ್ನು ಮಡಿಲಲ್ಲಿಟ್ಟು ಕೇಳಿದೆ:
ತಡ ಮಾಡಿದ್ದು ಯಾರು?
ಲಿನಕ್ಸ್‌ನಲ್ಲಿ ಅದಕ್ಕೊಂದು ಆಜ್ಞೆ ಉಂಟು, ಹೆಸರೇ ಬ್ಲೇಮ್.
ಒಬ್ಬೊಬ್ಬರ ಹೆಸರು, ಪಕ್ಕದಲ್ಲಿ ತಿಂದ ಸೆಕೆಂಡು.
ನೆಟ್‌ವರ್ಕ್ ಆರು, ಪ್ರಿಂಟರ್ ನಾಲ್ಕು,
ಬ್ಲೂಟೂತ್, ಪಾಪ, ಅರ್ಧ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುತ್ತಾರಂತೆ.
ನಾನು ಒಂದೇ ಮಧ್ಯಾಹ್ನ ಮೂರು ಎಮ್ಮೆಗಳಿಗೆ ಎಳೆದೆ.
ಮರುದಿನವೂ ಅದೇ ತೊಂಬತ್ತು ಸೆಕೆಂಡು,
ಮೇಲಾಗಿ ಟಿಕೆಟ್ಟೂ ಮುದ್ರಣವಾಗಲಿಲ್ಲ.
ಕೈಬರಹದ ಚೀಟಿ ಹಿಡಿದು ಹೊರಟ ಗೋಚಾ
ನನ್ನ ತಾತನವರೆಗೂ ಹೋಗಿ ಬಂದ, ಬಾಯಲ್ಲೇ.

ಆ ರಾತ್ರಿ ಲಾಗ್ ಓದುತ್ತ ಕೂತೆ, ಸಾಲು ಸಾಲು,
ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ.
ಎರಡು ಸಾಲುಗಳ ನಡುವೆ ಒಂದೂವರೆ ನಿಮಿಷದ ಬಯಲು.
ಬ್ಲೇಮ್ ಪಟ್ಟಿಯಲ್ಲಿ ಬಂದವರ ಲೆಕ್ಕವಷ್ಟೇ ಇತ್ತು;
ಬಾರದೆ ಹೋದವರನ್ನು ಯಾವ ಪಟ್ಟಿಗೆ ಸೇರಿಸುವುದು?

ಯಂತ್ರ ಕಾಯುತ್ತಿದ್ದದ್ದು ಒಂದು ಹೆಸರಿಗಾಗಿ:
ಮೂವತ್ತೆರಡು ಅಕ್ಷರ ಅಂಕಿಗಳು, ಡಿಸ್ಕಿನ ಒಂದು ತುಂಡಿನದು.
ಆ ತುಂಡು ಈಗ ಇಲ್ಲ.
ಅಪ್‌ಗ್ರೇಡ್ ಮಾಡಿದ ದಿನ, ಜಾಗ ಸಾಲದೆ,
ನಾನೇ ಅದನ್ನು ಒರೆಸಿ ಬೇರೆ ಮಾಡಿದ್ದೆ.
ಹೊಸ ತುಂಡಿಗೆ ಹೊಸ ಹೆಸರು ಬಂದಿತ್ತು,
ಹಳೆಯದು ಫೈಲಿನಲ್ಲಿ ಹಾಗೇ ಉಳಿದಿತ್ತು.
ದಿನಾ ಬೆಳಿಗ್ಗೆ ಯಂತ್ರ ಬಾಗಿಲಲ್ಲಿ ನಿಂತು
ತೊಂಬತ್ತರವರೆಗೆ ಎಣಿಸಿ, ಆಮೇಲೆ ಒಳಗೆ ಬರುತ್ತಿತ್ತು.
ಕೂಗಲಿಲ್ಲ, ಕೆಡಲಿಲ್ಲ. ಕಾದದ್ದು ಅದರ ತಪ್ಪೇ?

ಹೊಸ ಹೆಸರು ಬರೆದೆ.
ಹಳೆಯ ಸಾಲನ್ನು ಅಳಿಸಲು ಕೈ ಬರಲಿಲ್ಲ,
ಅದರ ಮುಂದೊಂದು ಹ್ಯಾಷ್ ಗುರುತು ಇಟ್ಟೆ:
ಇರು, ಆದರೆ ನಿನ್ನನ್ನು ಯಾರೂ ಓದುವುದಿಲ್ಲ.
ಪ್ರಿಂಟರಿನ ಕ್ಷಮೆ ಕೇಳಿ ಮತ್ತೆ ಕೆಲಸಕ್ಕೆ ಕರೆದೆ.

ಬೆಳಿಗ್ಗೆ ಗೂಡಿನಲ್ಲಿ ನಾನೇ ಗುಂಡಿ ಒತ್ತಿದೆ.
ಹನ್ನೊಂದು ಸೆಕೆಂಡು.
ಗೋಚಾ ಹಾರ್ನ್ ಮೇಲಿಟ್ಟ ಕೈ ಹಾಗೇ ತೆಗೆದ.
ನನೂಲಿ ಮಾತ್ರ ಏನೂ ಹೇಳಲಿಲ್ಲ.
ಅವಳ ಕೈಯಲ್ಲೊಂದು ಮ್ಯಾಂಡರಿನ್ ಹಣ್ಣು,
ಸಿಪ್ಪೆ ಒಂದು ಉಗುರಿನಷ್ಟು ಮಾತ್ರ ಎದ್ದಿತ್ತು.

'ಇಷ್ಟು ದಿನ,' ಅಂದಳು, ಟಿಕೆಟ್ ಹರಿಯುತ್ತಲೇ,
'ಆ ಚುಕ್ಕೆ ಓಡಾಡುವಾಗ ಒಂದು ಹಣ್ಣು ತಿಂದು ಮುಗಿಸುತ್ತಿದ್ದೆ.
ಬೈಯುವವರು ಯಂತ್ರವನ್ನು ಬೈಯುತ್ತಿದ್ದರು.'

ಸಾಲು ಕರಗಿತು, ವ್ಯಾನು ಹೊರಟಿತು, ಸರಿಯಾಗಿ ಏಳಕ್ಕೆ.
ನಾನು ಫೈಲು ತೆರೆದೆ.
ಹ್ಯಾಷ್ ತೆಗೆದೆ, ಆ ಸಾಲಿನ ಕೊನೆಗೆ
ಎಷ್ಟು ಹೊತ್ತು ಕಾಯಬೇಕೆಂದು ಬರೆಯುವ ಜಾಗ ಇದೆ.
'ಒಂದು ಹಣ್ಣು ಸುಲಿಯಲು ಎಷ್ಟು ಸೆಕೆಂಡು ಬೇಕು?'

ಅವಳು ಉಗುರು ನೋಡಿಕೊಂಡಳು.
'ಸುಲಿಯಲು ಇಪ್ಪತ್ತು ಸಾಕು,
ತಿನ್ನುವುದನ್ನು ನಾನು ನೋಡಿಕೊಳ್ಳುತ್ತೇನೆ.
ಗೋಚಾಗೆ ಹೇಳಬೇಡ.'